ಎರಡೂ 8ಎ, ಆದ್ರೂ ಯಾಕೆ ಅಪಶ್ರುತಿ?

ಮೊನ್ನೆ ರಾತ್ರಿ ಡಿಜೆಗಳ ಹಾಗೆ ಎರಡು ಟೆಕ್ನೊ (ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ಟ್ರ್ಯಾಕ್ ಒಂದರ ಮೇಲೊಂದು ಜೋಡಿಸುತ್ತಾ ಕೂತಿದ್ದೆ. ಎರಡಕ್ಕೂ ಸಾಫ್ಟ್‌ವೇರ್ ತೋರಿಸಿದ ಕೀ, ಅಂದರೆ ಹಾಡು ನಿಂತಿರುವ ಶ್ರುತಿ, 8ಎ ಅಂತ ಇತ್ತು. ಒಂದರ ವೇಗ 128 ಬಿಪಿಎಂ (ನಿಮಿಷಕ್ಕೆ ಅಷ್ಟು ಬೀಟ್), ಇನ್ನೊಂದರದ್ದು 132. ಎರಡನೆಯದನ್ನು 128ಕ್ಕೆ ಇಳಿಸಿದೆ. ಕಿಕ್ (ದಮ್ ದಮ್ ಅನ್ನುವ ಡ್ರಮ್ ಏಟು) ಮೇಲೆ ಕಿಕ್ ಚೆನ್ನಾಗಿ ಕೂತಿತು. ಬೇಸ್ ಬಂದದ್ದೇ ತಡ, ವೊಂಯ್ ವೊಂಯ್ ಅಂತ ಅಲೆಯಲು ಶುರು. ಶ್ರುತಿ ಸೇರದ ಎರಡು ತಂಬೂರಿ ಅಕ್ಕಪಕ್ಕ ಮೀಟಿದ ಹಾಗೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲು ಕ್ಯಾಮೆಲಾಟ್ ಚಕ್ರ, ಅಂದರೆ ಯಾವ ಕೀ ಯಾವುದರ ಜೊತೆ ಹೊಂದುತ್ತದೆ ಅಂತ ತೋರಿಸುವ ಚಿತ್ರ. ಗಡಿಯಾರದ ಹಾಗೆ 12 ಅಂಕಿ. ಎ ಅಂದರೆ ಮೈನರ್, ಬಿ ಅಂದರೆ ಮೇಜರ್ (ಪಾಶ್ಚಾತ್ಯ ಸಂಗೀತದ ಎರಡು ಬಗೆಯ ಸ್ವರಸಾಲು). 8ಎ ಎಂದರೆ ಎ ಮೈನರ್ (ಅಂಕಿಯ ಪಕ್ಕದ ಎ ಬೇರೆ, ಸ್ವರದ ಹೆಸರಾದ ಎ ಬೇರೆ. ನನಗೂ ಮೊದಲು ಗಲಿಬಿಲಿ ಆಗಿತ್ತು). 8ಎ ಜೊತೆ 7ಎ, 9ಎ, 8ಬಿ ಹೊಂದುತ್ತವೆ. ಒಂದು ಅಂಕಿ ಮುಂದೆ ಹೋದರೆ ಸ ಇಂದ ಪ ಗೆ ಹೋದ ಹಾಗೆ. ಸಂಗೀತ ಕಲಿತವರಿಗೆ ಇಷ್ಟು ಸಾಕು.

ಈಗ ನಾನು ಎಡವಿದ ಜಾಗ. ಕೀ ಲಾಕ್ (ವೇಗ ಬದಲಿಸಿದರೂ ಶ್ರುತಿ ಹಿಡಿದಿಡುವ ಸೌಲಭ್ಯ) ಆಫ್ ಇದ್ದರೆ ಪಿಚ್ ಫೇಡರ್ (ವೇಗ ಏರಿಸಿ ಇಳಿಸುವ ಜಾರುಗುಂಡಿ) ವೇಗವನ್ನಷ್ಟೇ ಅಲ್ಲ, ಶ್ರುತಿಯನ್ನೂ ಎಳೆಯುತ್ತದೆ. ಟರ್ನ್‌ಟೇಬಲ್‌ನಲ್ಲಿ ತಟ್ಟೆ ಬೇಗ ತಿರುಗಿದರೆ ಹಾಡು ಕೀಚಲಾಗುತ್ತದಲ್ವಾ, ಅದೇ. ಸುಮಾರು ಶೇ. 6 ಏರಿಸಿದರೆ ಅರ್ಧ ಸ್ವರ ಮೇಲೆ, ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಮನೆ. ನಾನು 132ರಿಂದ 128ಕ್ಕೆ ಇಳಿಸಿದ್ದು ಸುಮಾರು ಶೇ. 3. ಅಂದರೆ ಅರ್ಧ ಸ್ವರದ ಅರ್ಧ. ಎರಡು ಮನೆಗಳ ನಡುವಿನ ಸಂದು! ಅಲ್ಲಿ ಯಾವ ಕೀಯೂ ಇಲ್ಲ. ಎರಡೂ ಟ್ರ್ಯಾಕ್‌ನ ಬೇಸ್ 55 ಹರ್ಟ್ಸ್‌ನ (ಸೆಕೆಂಡಿಗೆ 55 ಕಂಪನ) ಎ ಸ್ವರ. ಇಳಿಸಿದ್ದು 53.3ಕ್ಕೆ ಬಂತು. ಎರಡೂ ಸೇರಿ ಮೂರು ಸೆಕೆಂಡಿಗೆ ಐದು ಸಲ ಉಬ್ಬಿ ಇಳಿಯುತ್ತವೆ. ಆ ವೊಂಯ್ ವೊಂಯ್ ಇದೇ.

ಸರಿ, ಇಬ್ಬರೂ ಅರ್ಧ ದಾರಿ ಬರಲಿ ಅಂತ ಎರಡನ್ನೂ 130ಕ್ಕೆ ತಂದೆ. ಒಂದು ಮೇಲೆ, ಒಂದು ಕೆಳಗೆ. ವೊಂಯ್ ಹಾಗೇ ಇತ್ತು! ಇಲ್ಲಿ ತುಂಬಾ ಹೊತ್ತು ಸಿಕ್ಕಿಕೊಂಡೆ. ವಿಷಯ ಇಷ್ಟೇ: 128 ಮತ್ತು 132ರ ಅನುಪಾತ ಎಲ್ಲಿ ಭೇಟಿಯಾದರೂ ಬದಲಾಗುವುದಿಲ್ಲ. ಒಂದು ಶೇ. 1.5 ಮೇಲೆ, ಇನ್ನೊಂದು ಶೇ. 1.5 ಕೆಳಗೆ, ಒಟ್ಟು ಅಂತರ ಅದೇ ಶೇ. 3. ಶ್ರುತಿಗೆ ಬೇಕಿರುವುದು ಎರಡು ಫೇಡರ್‌ಗಳ ನಡುವಿನ ಅಂತರ ಮಾತ್ರ. ಎರಡನ್ನೂ ಒಟ್ಟಿಗೆ ಶೇ. 3 ಏರಿಸಿದರೆ ಜೋಡಿ ಕೆಡುವುದೇ ಇಲ್ಲ.

ಇದರಿಂದ ಒಂದು ಲಾಭವೂ ಇದೆ, ನನಗೆ ಬಹಳ ಇಷ್ಟವಾದದ್ದು. ಅರ್ಧ ಸ್ವರ ಮೇಲೆ ಅಂದರೆ ಚಕ್ರದಲ್ಲಿ 7 ಕೂಡಿಸಿ, 12 ದಾಟಿದರೆ 12 ಕಳೆಯಿರಿ. 128ರ 8ಎ ಟ್ರ್ಯಾಕನ್ನು 136ಕ್ಕೆ ಎಳೆದರೆ ಶೇ. 6.25. 8+7=15, 15-12=3. ಅದು 3ಎ ಆಗಿ ಕೇಳುತ್ತದೆ. ಹಾಗಾಗಿ 136ರಲ್ಲಿ ಓಡುವ 3ಎ ಟ್ರ್ಯಾಕ್ ಹುಡುಕಿ ಸುಮ್ನೆ ಬಿಟ್ಟೆ. ಕೂತಿತು! ಕೆಳಗಿಳಿಸಿದರೆ 7 ಕಳೆಯಬೇಕು, ಅಥವಾ 5 ಕೂಡಿಸಿ. ಒಂದೇ.

ಕೀ ಲಾಕ್ ಹಾಕಿದರೆ ಇದ್ಯಾವ ಲೆಕ್ಕವೂ ಬೇಡ. ಆದರೆ ಜಾಸ್ತಿ ಎಳೆದರೆ ಕಿಕ್‌ನ ಮೊನೆ ಮೊಂಡಾಗುತ್ತದೆ. ಶೇ. 3ರ ಒಳಗೆ ನನ್ನ ಕಿವಿಗೆ ಗೊತ್ತಾಗಲಿಲ್ಲ.

ವೇಗದ ಬಗ್ಗೆ ಒಂದೇ ಮಾತು. 130 ಮತ್ತು 130.5 ಹತ್ತಿರ ಅನಿಸುತ್ತವೆ. ಆದರೆ ಪ್ರತಿ ಬೀಟ್‌ಗೆ 1.8 ಮಿಲಿಸೆಕೆಂಡ್ ಜಾರುತ್ತದೆ. 32 ಬೀಟ್ ಆಗುವಷ್ಟರಲ್ಲಿ 57. ಅಷ್ಟಕ್ಕೇ ಎರಡು ಕಿಕ್ ಕುದುರೆ ಓಡಿದ ಹಾಗೆ ಟಕಟಕ ಅನ್ನುತ್ತವೆ.

ಇನ್ನೊಂದು: ಸಾಫ್ಟ್‌ವೇರ್ ಹೇಳುವ ಕೀ ದೇವರ ವಾಕ್ಯ ಅಲ್ಲ. ಟೆಕ್ನೊದಲ್ಲಿ ಎಷ್ಟೋ ಸಲ ಒಂದು ಬೇಸ್ ಸ್ವರ, ಸ್ವಲ್ಪ ಸದ್ದು, ಅಷ್ಟೇ ಇರುತ್ತದೆ. 8ಎ ಅಂತ ತೋರಿಸಿದ ಒಂದು ಟ್ರ್ಯಾಕ್‌ನ ಬೇಸ್ ಜೊತೆ ಕೀಬೋರ್ಡ್ ಒತ್ತಿ ನೋಡಿದೆ. ಎ ಅಲ್ಲ, ಇ. ಅದನ್ನು 9ಎ (ಇ ಮೈನರ್) ಅಂತ ತಿದ್ದಿಕೊಂಡೆ.