ಮಗು ಪೇಸ್ಟ್ ನುಂಗುತ್ತೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ ಎರಡು ವರ್ಷ. ಹಲ್ಲುಜ್ಜುವಾಗ ಪೇಸ್ಟನ್ನೆಲ್ಲ ನುಂಗಿಬಿಡುತ್ತಾಳೆ. ಎಷ್ಟು ಹೇಳಿಕೊಟ್ಟರೂ ಉಗುಳುವುದಿಲ್ಲ. ಉಗುಳಲು ಕಲಿಯುವ ತನಕ ಫ್ಲೋರೈಡ್ ಇಲ್ಲದ ಪೇಸ್ಟ್ ಕೊಡಲೇ, ಇಲ್ಲ ಬರೀ ನೀರಲ್ಲಿ ಉಜ್ಜಲೇ?

ಉತ್ತರ: ಎರಡೂ ಬೇಡ. ಫ್ಲೋರೈಡ್ ಇರುವ ಪೇಸ್ಟೇ ಇರಲಿ, ಅಕ್ಕಿಕಾಳಿನಷ್ಟು. ಅಷ್ಟನ್ನು ನುಂಗಿದರೆ ಏನೂ ಆಗುವುದಿಲ್ಲ.

ಇಲ್ಲಿಗೆ ಉತ್ತರ ಮುಗಿಯಬೇಕಿತ್ತು. ಆದರೆ ಎಷ್ಟು ಸಲ ಹೀಗೇ ಹೇಳಿ ಮುಗಿಸಿದ್ದೇನೋ, ಅಷ್ಟೂ ಸಲ "ಆದ್ರೂ ಡಾಕ್ಟ್ರೇ, ಫ್ಲೋರೈಡ್ ವಿಷ ಅಂತಾರಲ್ಲ?" ಅನ್ನುವ ಮಾತು ಬಂದೇ ಬಂದಿದೆ. ಅಂತಾರೆ ನಿಜ. ಹಾಗಾದರೆ ಇವತ್ತು ಕೂತು ಲೆಕ್ಕ ಮಾಡೇಬಿಡೋಣ.

ಪೇಸ್ಟಿನ ಟ್ಯೂಬು ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ 1000 ಪಿಪಿಎಂ ಅಂತಿದ್ದರೆ, ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇದೆ ಅಂತ ಅರ್ಥ. ಅಕ್ಕಿಕಾಳಿನಷ್ಟು ಪೇಸ್ಟ್ ಅಂದರೆ ಸುಮಾರು 0.1 ಗ್ರಾಂ. ಅದರಲ್ಲಿರುವ ಫ್ಲೋರೈಡ್ 0.1 ಮಿಲಿಗ್ರಾಂ. ಮಗು ಎರಡು ಹೊತ್ತೂ ಒಂದು ಚೂರೂ ಬಿಡದೆ ನುಂಗಿತು ಅಂತಲೇ ಇಟ್ಟುಕೊಳ್ಳಿ, ದಿನಕ್ಕೆ 0.2 ಮಿಲಿಗ್ರಾಂ ಆಯಿತು. ಎದ್ದೆವೋ ಬಿದ್ದೆವೋ ಅಂತ ಆಸ್ಪತ್ರೆಗೆ ಓಡಬೇಕಾದ ಪ್ರಮಾಣ ಎಷ್ಟು ಗೊತ್ತಾ? ಮಗುವಿನ ತೂಕದ ಪ್ರತಿ ಕೆಜಿಗೆ 5 ಮಿಲಿಗ್ರಾಂ. 12 ಕೆಜಿ ತೂಗುವ ಮಗುವಿಗೆ 60 ಮಿಲಿಗ್ರಾಂ. ಅಂದರೆ 60 ಗ್ರಾಂ ಪೇಸ್ಟು, ಆರುನೂರು ಅಕ್ಕಿಕಾಳು, ಅದೂ ಒಂದೇ ಸಲಕ್ಕೆ.

ಹಾಗಂತ ಟ್ಯೂಬನ್ನೇ ಮಗುವಿನ ಕೈಗೆ ಕೊಡಬೇಡಿ. ಮಕ್ಕಳ ಪೇಸ್ಟು ಸಿಹಿಯಾಗಿರುತ್ತದೆ, ಹಣ್ಣಿನ ವಾಸನೆ ಬೇರೆ. ಮುಚ್ಚಳ ತೆಗೆದು ಚೀಪುತ್ತಾ ಕೂರುವ ಮಗುವಿನ ವಿಷಯವೇ ಬೇರೆ. 60 ಗ್ರಾಂ ತಲುಪುವ ಎಷ್ಟೋ ಮೊದಲೇ ಹೊಟ್ಟೆನೋವು, ವಾಂತಿ ಶುರುವಾಗಬಹುದು. ಸ್ವಲ್ಪ ತಿಂದಿದ್ದರೆ ಹಾಲು ಕುಡಿಸಿ, ಅದರ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಜಾಸ್ತಿ ತಿಂದಿದ್ದರೆ, ಎಷ್ಟು ತಿಂದಿದೆ ಅಂತ ಗೊತ್ತಾಗದಿದ್ದರೆ, ಇಲ್ಲ ಮಗು ಸಪ್ಪಗಾಗಿದ್ದರೆ ತಕ್ಷಣ ವೈದ್ಯರ ಹತ್ತಿರ ಹೋಗಿ. ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಉಳಿದ ದಿನಗಳಲ್ಲಿ ಅದು ಮಗುವಿನ ಕೈಗೆ ಎಟುಕದ ಕಡೆ ಇರಲಿ.

ಈ ಭಯದಲ್ಲಿ ಒಂದು ಎಳೆ ನಿಜ ಇದೆ, ಅದನ್ನೂ ಹೇಳಿಬಿಡುತ್ತೇನೆ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಿರುವ ವರ್ಷಗಳಲ್ಲಿ ದಿನಾ ಜಾಸ್ತಿ ಫ್ಲೋರೈಡ್ ಹೊಟ್ಟೆಗೆ ಹೋದರೆ, ಮುಂದೆ ಆ ಹಲ್ಲುಗಳ ಮೇಲೆ ಬಿಳಿ ಚುಕ್ಕೆ, ಬಿಳಿ ಗೆರೆ ಕಾಣಬಹುದು. ಎಂಟು ವರ್ಷದವರೆಗೆ ಈ ಸಾಧ್ಯತೆ ಇರುತ್ತದೆ. ಎದುರಿಗೆ ಕಾಣುವ ಹಲ್ಲುಗಳಿಗಂತೂ ಮೊದಲ ಮೂರು ವರ್ಷಗಳೇ ಮುಖ್ಯ. ಆದರೆ ಅದಕ್ಕೆ ಕಾರಣ ಅಕ್ಕಿಕಾಳಲ್ಲ. ಜಾಹೀರಾತಿನಲ್ಲಿ ತೋರಿಸುತ್ತಾರಲ್ಲ, ಬ್ರಷ್ಷಿನ ಈ ತುದಿಯಿಂದ ಆ ತುದಿವರೆಗೆ ಅಲೆ ಅಲೆಯಾಗಿ ಹಿಂಡಿದ ಪೇಸ್ಟು, ಅದು ಒಂದು ಗ್ರಾಮಿನ ಆಸುಪಾಸು ಇರುತ್ತದೆ. ಹತ್ತು ಅಕ್ಕಿಕಾಳು! ಮೂರು ವರ್ಷ ದಾಟಿದ ಮೇಲೂ ಬಟಾಣಿ ಕಾಳಿನಷ್ಟೇ ಸಾಕು. ಕುಡಿಯುವ ನೀರಿನಲ್ಲೇ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ಕಡೆ ವಾಸವಾಗಿದ್ದರೆ ಮಾತ್ರ ದಂತವೈದ್ಯರನ್ನು ಕೇಳಿ ಮುಂದುವರಿಯಿರಿ.

ಇನ್ನು "ನುಂಗಿದರೂ ಸುರಕ್ಷಿತ" ಅಂತ ಬರೆದಿರುವ, ಫ್ಲೋರೈಡ್ ಇಲ್ಲದ ಪೇಸ್ಟು. ನುಂಗುವುದಕ್ಕೇನೋ ಸುರಕ್ಷಿತ, ಒಪ್ಪಿದೆ. ಹಲ್ಲಿಗೆ ಏನು ಸಿಕ್ಕಿತು? ಫ್ಲೋರೈಡ್ ಕೆಲಸ ಮಾಡುವುದು ಹೊಟ್ಟೆಯಲ್ಲಲ್ಲ, ಹಲ್ಲಿನ ಮೇಲ್ಮೈಯಲ್ಲಿ. ಸಿಹಿ ತಿಂದ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತದೆ, ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ. ಕರಗಿದ್ದು ಮತ್ತೆ ಹಲ್ಲಿಗೆ ಸೇರಿ ಗಟ್ಟಿಯಾಗಲು ಫ್ಲೋರೈಡ್ ನೆರವಾಗುತ್ತದೆ. ಅದನ್ನೇ ತೆಗೆದರೆ ಉಳಿಯುವುದು ನೊರೆ ಮತ್ತು ಪರಿಮಳ. ನೆಗಡಿ ಬಂತು ಅಂತ ಮೂಗನ್ನೇ ಕೊಯ್ದುಕೊಂಡ ಹಾಗೆ. ನುಂಗುವ ಭಯವಿದ್ದರೆ ಪೇಸ್ಟ್ ಕಡಿಮೆ ಹಾಕಿ, ಫ್ಲೋರೈಡ್ ಯಾಕೆ ತೆಗೀತೀರಿ?

ಉಗುಳುವ ವಿಷಯಕ್ಕೆ ಬರೋಣ. ಎರಡು ವರ್ಷಕ್ಕೆ ಅದು ಬರುವುದಿಲ್ಲ. ಸುಮ್ನೆ ಮಗುವನ್ನು ಗದರಬೇಡಿ. ತೊಡೆಯ ಮೇಲೆ ಮಲಗಿಸಿಕೊಳ್ಳಿ, ತಲೆ ನಿಮ್ಮ ಹೊಟ್ಟೆಗೆ ಆನಿಕೊಂಡಿರಲಿ. ಒಂದು ಬೆರಳಿನಿಂದ ಮೇಲ್ತುಟಿ ಎತ್ತಿ, ವಸಡು ಮತ್ತು ಹಲ್ಲು ಸೇರುವ ಗೆರೆಯ ಮೇಲೆ ಬ್ರಷ್ ಆಡಿಸಿ. ಹುಳುಕು ಮೊದಲು ಬಿಳಿ ಗೆರೆಯಾಗಿ ಕಾಣಿಸಿಕೊಳ್ಳುವುದು ಅಲ್ಲೇ. ಪೇಸ್ಟನ್ನು ಬ್ರಷ್ಷಿನ ಮೇಲೆ ಗುಡ್ಡೆ ಹಾಕದೆ, ಬೆರಳಿನಿಂದ ಎಳೆಗಳ ಒಳಕ್ಕೆ ಒತ್ತಿಬಿಡಿ. ಆಗ ಮಗು ಅದನ್ನು ನೆಕ್ಕಿ ಖಾಲಿ ಮಾಡುವುದು ತಪ್ಪುತ್ತದೆ. ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿದರೆ ಸಾಕು. ಉಗುಳುವ ಆಟವನ್ನು ಸ್ನಾನದ ಹೊತ್ತಿನಲ್ಲಿ ಬರೀ ನೀರಿನಿಂದ ಆಡಿಸಿ, ಮೂರರ ಸುಮಾರಿಗೆ ತಾನಾಗಿ ಕಲಿಯುತ್ತದೆ. ಕಲಿತ ಮೇಲೆ ಪೇಸ್ಟನ್ನು ಉಗುಳಲಿ, ಆದರೆ ನೀರು ಹಾಕಿ ಗಳಗಳ ಮುಕ್ಕಳಿಸುವುದು ಬೇಡ. ಇಷ್ಟು ಕಷ್ಟಪಟ್ಟು ಹಚ್ಚಿದ್ದೆಲ್ಲ ಅದರಲ್ಲೇ ತೊಳೆದು ಹೋಗುತ್ತದೆ.

ನೀವು ಕೇಳಿಲ್ಲ, ಆದರೂ ಇದೊಂದು ಹೇಳುತ್ತೇನೆ. ಉಗುಳಲು ಬಂತು ಅಂದ ಕೂಡಲೇ ಬ್ರಷ್ಷನ್ನು ಮಗುವಿನ ಕೈಗೆ ಕೊಟ್ಟು ಕೈತೊಳೆದುಕೊಳ್ಳುವ ಅಪ್ಪ ಅಮ್ಮಂದಿರೇ ಜಾಸ್ತಿ. ಏಳೆಂಟು ವರ್ಷದವರೆಗೆ ಆ ಪುಟ್ಟ ಕೈಗೆ ಹಿಂದಿನ ಹಲ್ಲನ್ನು ಸರಿಯಾಗಿ ಉಜ್ಜುವ ಹದ ಇರುವುದಿಲ್ಲ. ಅವರು ಉಜ್ಜಲಿ, ಆಮೇಲೆ ನೀವೂ ಒಂದು ಸಲ ಉಜ್ಜಿ.

ಯಾಕೆಂದರೆ ಆರು ವರ್ಷದ ಹೊತ್ತಿಗೆ ಕೊನೆಯ ಹಾಲುಹಲ್ಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಸದ್ದಿಲ್ಲದೆ ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬಿದ್ದಿರುವುದಿಲ್ಲ, ಹಾಗಾಗಿ ಮನೆಯಲ್ಲಿ ಯಾರಿಗೂ ಸುದ್ದಿಯೇ ಇರುವುದಿಲ್ಲ. ಅದು ಹುಳುಕಾಗಿ ನೋವು ಶುರುವಾದ ಮೇಲೆ ಕರೆದುಕೊಂಡು ಬಂದು, "ಹಾಲುಹಲ್ಲು ತಾನೇ, ಬಿದ್ದೋಗುತ್ತೆ ಅಲ್ವಾ?" ಅಂತ ಕೇಳುತ್ತಾರೆ. ನಾನು ಕನ್ನಡಿ ಹಿಡಿದು ಅವರಿಂದಲೇ ಎಣಿಕೆ ಮಾಡಿಸುತ್ತೇನೆ. ಎದುರಿನ ನಡುಗೆರೆಯಿಂದ ಹಿಂದಕ್ಕೆ ಒಂದು, ಎರಡು, ಮೂರು, ನಾಲ್ಕು, ಐದು. ಹಾಲುಹಲ್ಲುಗಳು ಅಲ್ಲಿಗೆ ಮುಗಿದವು. ಅವರ ಬೆರಳು ನಿಂತಿರುವುದು ಆರನೆಯದರ ಮೇಲೆ.