ಮೇಷ್ಟ್ರ ಚೀಲದಲ್ಲಿದ್ದ ಚಕ್ಕೆ

ಹೋದ ತಿಂಗಳು ಒಬ್ಬ ರಿಟೈರ್ಡ್ ಮೇಷ್ಟ್ರು ಚೀಲ ಹಿಡಿದು ಬಂದರು. ಟೇಬಲ್ ಮೇಲೆ ಸುರಿದರೆ ತೊಗಟೆ, ಎರಡು ಕೆಜಿಯಷ್ಟು. "ಅರ್ಜುನದ್ದು ಡಾಕ್ಟ್ರೇ, ನಮ್ಮ ತೋಟದ ಹಿಂದಿನ ಮತ್ತಿ ಮರ. ದಿನಾ ಕಷಾಯ ಕುಡೀತಿದ್ದೀನಿ. ಮಾತ್ರೆ ಎಲ್ಲಾ ಬಿಟ್ಟು 12 ದಿನ ಆಯ್ತು" ಅಂದರು, ಖುಷಿಯಲ್ಲಿ. ಹಿಂದೆ ನಿಂತಿದ್ದ ಅವರ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದರು. ಮೇಷ್ಟ್ರಿಗೆ ಸ್ಟೆಂಟ್ ಹಾಕಿಸಿ ನಾಲ್ಕು ತಿಂಗಳಷ್ಟೇ ಆಗಿತ್ತು.

ನಾನು ಆಯುರ್ವೇದ ವೈದ್ಯ. ಹೃದಯಕ್ಕೆ ಅಂತ ಕೊಡೋ ಅರ್ಜುನ ನನಗೂ ಇಷ್ಟದ ಗಿಡಮೂಲಿಕೆಯೇ. ಬೇಕಾದವರಿಗೆ ಕೊಡುತ್ತೇನೆ. 5 ಗ್ರಾಂ ಚಕ್ಕೆ ಪುಡಿ, 40 ಮಿಲಿ ಹಾಲು, 160 ಮಿಲಿ ನೀರು. ಸಣ್ಣ ಉರಿಯಲ್ಲಿ ನೀರೆಲ್ಲ ಇಂಗಿ ಹಾಲಿನಷ್ಟೇ ಉಳಿಯಬೇಕು. ಇದೇ ಕ್ಷೀರಪಾಕ. ಬಾಟಲಿಯಲ್ಲಿ ಸಿಗೋ ಅರ್ಜುನದ ಔಷಧಿ ಅರ್ಜುನಾರಿಷ್ಟದಲ್ಲಿ ಬೆಲ್ಲ ಇರುತ್ತೆ, ಸಕ್ಕರೆ ಕಾಯಿಲೆಯವರು ಸುಮ್ನೆ ಬಾಟಲಿ ತಂದು ಕುಡಿಯೋದಲ್ಲ. ಇಷ್ಟು ಸಾಕು. ನನಗೆ ಸಿಟ್ಟು ಬರೋದು "ಬಿಟ್ಟೆ" ಅನ್ನೋ ಮಾತಿಗೆ.

ಸ್ಟೆಂಟ್ ಅಂದರೆ ರಕ್ತನಾಳದೊಳಗೆ ಕೂರಿಸಿದ ಸಣ್ಣ ಲೋಹದ ಬಲೆ. ರಕ್ತಕ್ಕೆ ಅದು ಹೊರಗಿನ ವಸ್ತು. ಅದನ್ನು ಕಂಡರೆ ಹೆಪ್ಪುಗಟ್ಟೋಕೆ ನೋಡುತ್ತದೆ. ನಾಳದ ಒಳಪದರ ನಿಧಾನಕ್ಕೆ ಬೆಳೆದು ಆ ಬಲೆಯನ್ನು ಮುಚ್ಚೋಕೆ ತಿಂಗಳುಗಳೇ ಬೇಕು. ಅಲ್ಲಿವರೆಗೆ ಕಾವಲಿಗೆ ಇರೋದು ಎರಡು ಮಾತ್ರೆ: ಆಸ್ಪಿರಿನ್, ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಅದೇ ಜಾತಿಯ ಇನ್ನೊಂದು. ಕಾವಲು ತೆಗೆದರೆ ಸ್ಟೆಂಟ್ ಒಳಗೇ ಹೆಪ್ಪು ಕಟ್ಟಿ ನಾಳ ಮುಚ್ಚಿಹೋಗಬಹುದು. ಮೊದಲಿನ ಬ್ಲಾಕ್ ಬೆಳೆಯೋಕೆ ವರ್ಷಗಟ್ಟಲೆ ಹಿಡಿದಿತ್ತು. ಇದಕ್ಕೆ ಅಷ್ಟು ಪುರುಸೊತ್ತಿಲ್ಲ. ಈ ಕಾವಲು ಕೆಲಸವನ್ನು ಮತ್ತಿ ಚಕ್ಕೆ ಮಾಡುತ್ತೆ ಅಂತ ಹೇಳೋಕೆ ನನ್ನ ಹತ್ತಿರ ಆಧಾರವಿಲ್ಲ. ಆಧಾರ ಇಲ್ಲದ್ದನ್ನು ನಿಮ್ಮ ಎದೆಯ ಮೇಲೆ ಪ್ರಯೋಗ ಮಾಡೋಕೆ ನಾನು ತಯಾರಿಲ್ಲ.

"ಆದ್ರೆ ಬಿಪಿ ನಾರ್ಮಲ್ ಇತ್ತಲ್ಲ, ಅದಕ್ಕೇ ಬಿಪಿ ಮಾತ್ರೆನೂ ಬಿಟ್ಟೆ" ಅಂದರು.

"ಮೇಷ್ಟ್ರೇ, ಹೋದ ಮಳೆಗಾಲ ನಿಮ್ಮ ಅಡಿಕೆಗೆ ಕೊಳೆ ರೋಗ ಬಂತಾ?"

"ಇಲ್ಲ. ಎರಡು ಸಲ ಬೋರ್ಡೋ ಔಷಧಿ ಹೊಡೆಸಿದ್ದೆ."

"ಕೊಳೆ ಬರಲಿಲ್ಲ ಅಂತ ಈ ವರ್ಷ ಹೊಡೆಸಲ್ವಾ?"

ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕರು. ಮೇಷ್ಟ್ರು ನಗಲಿಲ್ಲ.

ಬದಲಿಗೆ ವಾದಕ್ಕೆ ಇಳಿದರು. ಅರ್ಜುನದ ಮೇಲೆ ರಿಸರ್ಚ್ ಆಗಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಂತೆ. ಆಗಿದೆ, ನಿಜ. 1995ರಲ್ಲಿ ಇಂದೋರಿನ ವೈದ್ಯರು ಹೃದಯ ತುಂಬಾ ಸೋತಿದ್ದ 12 ರೋಗಿಗಳಿಗೆ 8 ಗಂಟೆಗೊಮ್ಮೆ 500 ಮಿಲಿಗ್ರಾಂ ಅರ್ಜುನ ಕೊಟ್ಟು ನೋಡಿದರು. ಗುಣ ಕಂಡಿತು. ಆದರೆ ಕೊಟ್ಟಿದ್ದು ಅವರ ಮಾತ್ರೆಗಳ ಜೊತೆಗೆ, ಮಾತ್ರೆ ಬಿಡಿಸಿ ಅಲ್ಲ. ಆಮೇಲೆ ದಿಲ್ಲಿಯ ಏಮ್ಸ್‌ನವರು ಇನ್ನೂ ದೊಡ್ಡ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಅಲ್ಲೂ ಮಾತ್ರೆಗಳ ಜೊತೆಗೇ ಕೊಟ್ಟಿದ್ದು, ಆದರೆ ಹೃದಯ ಪಂಪ್ ಮಾಡುವ ಶಕ್ತಿ ಹೆಚ್ಚಲಿಲ್ಲ. ವಾಟ್ಸಾಪ್‌ನವರು ಈ ಭಾಗ ಕಳಿಸೋದಿಲ್ಲ. 11ನೇ ಶತಮಾನದ ಆಯುರ್ವೇದ ಗ್ರಂಥಕಾರ ಚಕ್ರಪಾಣಿದತ್ತನ ಹೆಸರನ್ನೂ ನನ್ನ ಮುಂದೆ ಹಿಡಿಯುವವರಿದ್ದಾರೆ. ಅವನ ಕಾಲದಲ್ಲಿ ಸ್ಟೆಂಟ್ ಹಾಕಿಸಿಕೊಂಡ ರೋಗಿ ಇರಲಿಲ್ಲ ಸ್ವಾಮಿ.

ಅರ್ಜುನ ಶುರು ಮಾಡೋ ಮುಂಚೆ ನನಗೂ ಹೇಳಿ, ಹಾರ್ಟ್ ಡಾಕ್ಟರಿಗೂ ಹೇಳಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳುವವರು, ಆಪರೇಷನ್ ಇರುವವರು ಖಂಡಿತ ಹೇಳಬೇಕು. ಬೈತಾರೆ ಅಂತ ಇಬ್ಬರಿಂದಲೂ ಮುಚ್ಚಿಡುವವರೇ ಜಾಸ್ತಿ.

ಮೇಷ್ಟ್ರ ಎದುರಿಗೇ ಅವರ ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿದೆ. ತಕ್ಷಣ ಕಳಿಸಿ ಅಂದರು. ಮೇಷ್ಟ್ರು ಕಾರಿಗೆ ಫೋನ್ ಮಾಡುತ್ತಿದ್ದಾಗ ಒಂದು ಚಕ್ಕೆ ಎತ್ತಿ ನೋಡಿದೆ. ಮೊಸಳೆ ಬೆನ್ನಿನ ಹಾಗೆ ಚೌಕ ಚೌಕ ಸೀಳು, ಕಪ್ಪು ಬಣ್ಣ. ಅರ್ಜುನ ಅಂದರೆ ಹೊಳೆ ದಂಡೆಯ ಬಿಳಿಮತ್ತಿ. ಅದರ ತೊಗಟೆ ನುಣುಪಾಗಿ, ಬೂದು ಬಿಳಿ ಇರುತ್ತೆ. ಹಕ್ಕಳೆಯಾಗಿ ಏಳುತ್ತೆ.

"ಮೇಷ್ಟ್ರೇ, ಇದು ಅರ್ಜುನವೇ ಅಲ್ಲ. ಕರಿಮತ್ತಿ."

ಅವರು ಚೀಲ ನೋಡಿದರು, ನನ್ನ ನೋಡಿದರು. ಹೆಂಡತಿ ಆಗಲೇ ಚಕ್ಕೆ ಬಾಚಿ ಚೀಲಕ್ಕೆ ತುಂಬುತ್ತಿದ್ದರು. "ಇರ್ಲಿ ಬಿಡಿ, ಬಚ್ಚಲ ಒಲೆಗೆ ಆಗುತ್ತೆ."