ಯಾರ ದುಡ್ಡು ತಿಂದಿದ್ದೀರಿ ಮೇಷ್ಟ್ರೇ?

2013ರ ಕೊನೆ. ತೀರ್ಥಹಳ್ಳಿ ಕಡೆಯ ಒಂದು ಊರಲ್ಲಿ ಕಸ್ತೂರಿರಂಗನ್ ವರದಿಯ ಬಗ್ಗೆ ಸಭೆ. ಪಶ್ಚಿಮ ಘಟ್ಟದ ಶೇ. 37ರಷ್ಟು ಜಾಗ ಪರಿಸರ ಸೂಕ್ಷ್ಮ ಪ್ರದೇಶ ಆಗಬೇಕು ಎಂದು ವರದಿ ಹೇಳಿತ್ತು. ನಿವೃತ್ತ ಮೇಷ್ಟ್ರೊಬ್ಬರು ಎದ್ದು, ‘ಮೊದಲು ವರದಿ ಓದೋಣ, ಆಮೇಲೆ ಬೈಯೋಣ’ ಎಂದರು. ಹಿಂದಿನ ಸಾಲಿನಿಂದ ಒಬ್ಬ ರೈತ ಕೂಗಿದ: ‘ಯಾರ ದುಡ್ಡು ತಿಂದಿದ್ದೀರಿ ಮೇಷ್ಟ್ರೇ?’ ಮೇಷ್ಟ್ರಿಗೂ ಸಿಟ್ಟು ಬಂತು. ‘ನೀನು ಒತ್ತುವರಿ ಮಾಡಿದ್ದೀಯ, ಅದಕ್ಕೇ ಹೆದರಿಕೆ’ ಎಂದುಬಿಟ್ಟರು. ಅಲ್ಲಿಗೆ ವರದಿಯ ಮಾತು ಮುಗಿಯಿತು. ಅದರ ಕನ್ನಡ ಪ್ರತಿ ಅಂದು ಯಾರ ಕೈಯಲ್ಲೂ ಇರಲಿಲ್ಲ.

ಎದುರಿನವನ ಮಾತು ಬಿಟ್ಟು ಮನಸ್ಸಿಗೆ ಕೈ ಹಾಕುವ ಈ ಚಾಳಿ ಇವತ್ತಿನದಲ್ಲ. ನಮ್ಮ ಹಳೆಯ ತರ್ಕಶಾಸ್ತ್ರ ಇದನ್ನು ಚೆನ್ನಾಗಿ ಬಲ್ಲದು. ಗೌತಮನ ನ್ಯಾಯಸೂತ್ರ ಚರ್ಚೆಯಲ್ಲಿ ಮೂರು ಬಗೆ ಹೇಳುತ್ತದೆ. ಸತ್ಯ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದೇನೂ ಹೇಳದೆ ಎದುರಿನವನದನ್ನು ಕೆಡವುವುದು ವಿತಂಡ. ವಿತಂಡವಾದಿ ಎಂಬ ಬೈಗುಳ ಇವತ್ತಿಗೂ ನಮ್ಮ ಬಾಯಲ್ಲಿದೆ.

ಅದೇ ಸೂತ್ರದಲ್ಲಿ ‘ಛಲ’ ಅಂತ ಒಂದು ದೋಷ ಬರುತ್ತದೆ. ಈಗ ಛಲ ಅಂದ್ರೆ ಹಟ, ಸಾಧನೆ. ಅಲ್ಲಿ ಅದರ ಅರ್ಥ ಬೇರೆ: ಹೇಳಿದವನು ಉದ್ದೇಶಿಸದ ಅರ್ಥವನ್ನು ಅವನ ಮಾತಿಗೆ ಅಂಟಿಸಿ ಅವನನ್ನೇ ಸುಳ್ಳುಗಾರ ಮಾಡುವುದು. ವಾತ್ಸ್ಯಾಯನ ಈ ಸೂತ್ರಕ್ಕೆ ಬರೆದ ಭಾಷ್ಯದಲ್ಲಿ ಕೊಡುವ ಉದಾಹರಣೆ ಕಂಬಳಿಯದು. ‘ಈ ಹುಡುಗ ನವಕಂಬಳಿಯವನು’ ಎನ್ನುತ್ತಾನೆ ಒಬ್ಬ. ಇವನ ಕಂಬಳಿ ಹೊಸದು ಅಂತ ಅವನ ಮಾತು. ಇನ್ನೊಬ್ಬ ‘ನವ ಅಂದ್ರೆ ಒಂಬತ್ತು. ಇರುವುದು ಒಂದೇ, ಉಳಿದ ಎಂಟು ಎಲ್ಲಿ?’ ಎಂದು ಹಿಡಿಯುತ್ತಾನೆ. ಮಾತಿಗೆ ಎರಡು ಅರ್ಥ ಇದ್ದಾಗ, ಹೇಳಿದವನು ಯಾವುದನ್ನು ಉದ್ದೇಶಿಸಿದ್ದನೋ ಅದನ್ನೇ ಹಿಡಿದು ಉತ್ತರ ಕೊಡಬೇಕು ಎಂಬುದು ಭಾಷ್ಯಕಾರನ ನಿಲುವು. ಎಷ್ಟು ಸರಳ, ಅಲ್ವಾ?

ಪಶ್ಚಿಮದಲ್ಲಿ ಇದಕ್ಕೆ ಹತ್ತಿರದ ತತ್ವಕ್ಕೆ ‘ಪ್ರಿನ್ಸಿಪಲ್ ಆಫ್ ಚಾರಿಟಿ’ (ಔದಾರ್ಯದ ತತ್ವ) ಎಂಬ ಹೆಸರು ಬಂದದ್ದು 1950ರ ದಶಕದ ಕೊನೆಗೆ, ನೀಲ್ ವಿಲ್ಸನ್ ಎಂಬ ತತ್ವಜ್ಞಾನಿಯಿಂದ. ಕ್ವೈನ್, ಡೇವಿಡ್‌ಸನ್ ಎಂಬ ಇನ್ನಿಬ್ಬರು ತತ್ವಜ್ಞಾನಿಗಳು ಅದನ್ನು ಬೆಳೆಸಿದರು. ಒಬ್ಬನ ಬಹುಪಾಲು ಮಾತು ನಿಜ ಎಂದು ಹಿಡಿಯದೆ ಅವನ ಭಾಷೆಯೇ ನಮಗೆ ತಿಳಿಯದು ಎಂದರು ಡೇವಿಡ್‌ಸನ್.

ಎದುರಿನವನ ಮಾತಿಗೆ ಹೀಗೆ ಕಿವಿಗೊಡುವುದು ಮಲೆನಾಡಿಗೆ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠ ಶೈವರದು. ಆದರೂ ಅಲ್ಲಿ ಬೌದ್ಧ ದರ್ಶನವನ್ನೂ ವಿವರಿಸಿ ಹೇಳುತ್ತಿದ್ದರು ಎನ್ನುತ್ತದೆ 1162ರ ಶಾಸನ. ಇನ್ನು ತಾಳಮದ್ದಲೆ ನೋಡಿದವರಿಗೆ ನಾನು ಹೇಳಬೇಕಾದ್ದೇ ಇಲ್ಲ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಪಾತ್ರಗಳಾಗಿ ವಾದಿಸುವ ಇಬ್ಬರು ಅರ್ಥಧಾರಿಗಳು. ‘ಮರೆಯಲ್ಲಿ ನಿಂತು ಹೊಡೆದೆಯಲ್ಲ’ ಎಂದು ವಾಲಿ ಕೇಳುತ್ತಾನೆ. ರಾಮ ಅದನ್ನು ತಳ್ಳಿಹಾಕುವಂತಿಲ್ಲ, ಉತ್ತರ ಕೊಡಲೇಬೇಕು. ಇಂದು ರಾಮನಾದವನು ಇನ್ನೊಂದು ಕೂಟದಲ್ಲಿ ವಾಲಿಯಾಗಬಹುದು.

ಹಾಗಂತ ಮೋಸವನ್ನು ಮೋಸ ಎನ್ನಬಾರದು ಅಂತಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳದ ನಡುವೆ ಇದ್ದದ್ದು ಕೊಳಗ. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ಅಳತೆಗಿಂತ ದೊಡ್ಡದು ಎಂಬುದು ರೈತರ ದೂರು. ಈ ಆರೋಪದ ಬಲ ಇರುವುದೇ ಇಲ್ಲಿ. ಒಡೆಯರ ಮನಸ್ಸಲ್ಲಿ ಏನಿತ್ತು ಎಂದು ಊಹಿಸಬೇಕಿರಲಿಲ್ಲ. ಕೊಳಗ ತಂದು ಅಂಗಳದಲ್ಲಿಟ್ಟು ಸೇರಿನಲ್ಲಿ ಭತ್ತ ಸುರಿದರೆ ನಿಜ ಎಲ್ಲರ ಕಣ್ಣಿಗೂ ಕಾಣುತ್ತದೆ. ‘ಯಾರ ದುಡ್ಡು ತಿಂದಿದ್ದೀರಿ’ ಎಂಬುದನ್ನು ಅಳೆಯಲು ಅಂಥ ಯಾವ ಸೇರೂ ಆ ಸಭೆಯಲ್ಲಿ ಇರಲಿಲ್ಲ. ‘ಒತ್ತುವರಿ ಮಾಡಿದ್ದೀಯ’ ಎಂಬುದಕ್ಕಾದರೂ ಪಹಣಿ ಇದೆ, ನಕ್ಷೆ ಇದೆ. ಅದನ್ನೂ ಯಾರೂ ತೆಗೆದು ನೋಡಲಿಲ್ಲ.

ಸಭೆ ಮುಗಿದ ಎರಡು ದಿನಕ್ಕೆ ಆ ರೈತನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ವರದಿ ಬಂದರೆ ನಿಮಗೆ ಏನು ಭಯ ಎಂದು ಕೇಳಿದೆ. ಮೆಟ್ಟುಗತ್ತಿಯಿಂದ ಕೈ ತೆಗೆಯದೆ ಹೇಳಿದ: ‘ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಸೊಪ್ಪು ತರೋಕೆ ಬಿಡ್ತಾರೋ ಇಲ್ವೋ, ಅಷ್ಟೇ.’ ಮೇಷ್ಟ್ರನ್ನು ಇದನ್ನೇ ಕೇಳಬಹುದಿತ್ತಲ್ಲ ಎಂದೆ. ‘ಅವರೂ ನನ್ನ ಕೇಳಲಿಲ್ಲ’ ಎಂದ.